ಮಳೆನೀರಿನ ತೊಟ್ಟಿಯೊಳಗಿನ ಗಾಳಿ

೧೯೬೪ರಲ್ಲಿ ನಾನು ಹಾಸನದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ನನ್ನ ಹೊತ್ತೆಲ್ಲ ಹೋಗುತ್ತಿದ್ದದ್ದು ಒಂದು ಗಾಜಿನ ಪೆಟ್ಟಿಗೆಯ ಮುಂದೆ. ಮಂಗಳೂರಿನ ಕಡಲ ಬಂಡೆಗಳಿಂದ ತಂದ ಐದು ಸೀ ಅನಿಮೋನ್‌ಗಳು ಅದರಲ್ಲಿದ್ದವು. ನೋಡಲು ಹೂವು, ನಿಜದಲ್ಲಿ ಬೇಟೆಯಾಡುವ ಪ್ರಾಣಿ.

ಹದಿನೈದು ದಿನಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ನಾವೇ ತಯಾರಿಸಿದ ಕಡಲ ನೀರನ್ನು ತುಂಬಬೇಕಿತ್ತು. ಬಾವಿಯ ನೀರು ಗಡಸು, ನಲ್ಲಿಯ ನೀರಿಗೆ ಬ್ಲೀಚಿಂಗ್ ಪೌಡರ್. ಹಾಗಾಗಿ ಮಳೆನೀರೇ ಗತಿ. ಅದಕ್ಕೆ ಅಡುಗೆ ಉಪ್ಪು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಲವಣಗಳನ್ನು ತೂಗಿ ಹಾಕಿ, ಹೈಡ್ರೋಮೀಟರ್ ಇಳಿಬಿಟ್ಟು ಸಾಂದ್ರತೆ 1.025 ಬಂದಿದೆಯೇ ಎಂದು ನೋಡುತ್ತಿದ್ದೆ. ಅದನ್ನೂ ನಂಬದೆ, ಬೋಗುಣಿಯಲ್ಲಿ ಹೊಸ ನೀರಿಟ್ಟು, ಅತಿ ಚಿಕ್ಕ ಅನಿಮೋನನ್ನು ಒಂದು ಗಂಟೆ ಬಿಟ್ಟು ಕಾಯುತ್ತಿದ್ದೆ. ಅದು ಮುದುಡಿದರೆ ಅಷ್ಟೂ ನೀರನ್ನು ಚೆಲ್ಲುತ್ತಿದ್ದೆವು.

"ಹೊಸ ಅಳಿಯಂಗೂ ಇಷ್ಟು ಉಪಚಾರ ಇಲ್ಲ ಬುಡಿ ಸಾ," ಎನ್ನುತ್ತಿದ್ದ ಅಟೆಂಡರ್ ನಿಂಗಯ್ಯ. ಬೂವನಹಳ್ಳಿಯವನು. ನನಗಿಂತ ಹದಿನೈದು ವರ್ಷ ದೊಡ್ಡವನು.

ಮಳೆನೀರು ಸೇರುತ್ತಿದ್ದದ್ದು ಲ್ಯಾಬಿನ ಹಿಂದೆ ನೆಲದೊಳಗೆ ಕಟ್ಟಿದ್ದ ಸಿಮೆಂಟ್ ತೊಟ್ಟಿಗೆ. ಎಂಟು ಅಡಿ ಆಳ, ಎರಡಡಿ ಅಗಲದ ಬಾಯಿ, ಮೇಲೊಂದು ಕಲ್ಲುಚಪ್ಪಡಿ. ಹಿಂದಿನ ಮಳೆಗಾಲದಲ್ಲಿ ಸೂರಿನಿಂದ ನೀರು ತರುವ ಕೊಳವೆಯ ಜಾಲರಿ ಹರಿದು, ಮೇಲಿನ ಎಲೆಗಳೆಲ್ಲ ಒಳಗೆ ಬಿದ್ದಿದ್ದವು. ನೀರು ಮುಗಿದ ಮೇಲೆ ಎರಡು ತಿಂಗಳು ಅದು ಮುಚ್ಚಿಯೇ ಇತ್ತು. ಮೊದಲ ಮಳೆಗೆ ಮುಂಚೆ ತಳದ ಕೆಸರು ತೆಗೆಯದಿದ್ದರೆ ಹೊಸ ನೀರೂ ಕೆಡುತ್ತದೆ. ಏಪ್ರಿಲ್‌ನ ಒಂದು ಬೆಳಿಗ್ಗೆ ಹತ್ತು ಗಂಟೆಗೆ, "ಬೇಗ ಇಳಿ, ಮಧ್ಯಾಹ್ನ ಪ್ರಾಕ್ಟಿಕಲ್ ಇದೆ," ಎಂದು ನಿಂಗಯ್ಯನಿಗೆ ಹೇಳಿದವನು ನಾನೇ.

ಚಪ್ಪಡಿ ಸರಿಸಿ, ಬಿದಿರಿನ ಏಣಿ ಇಟ್ಟು ಅವನು ಇಳಿದ. ಎರಡು ಸಲ ಪೊರಕೆಯಾಡಿದ ಸದ್ದು ಬಂತು.

"ಸಾ... ತಲೆ ಗಿರ್ ಅಂತದೆ."

"ಬೀಡಿ ಕಮ್ಮಿ ಮಾಡು ಅಂದ್ರೆ ಕೇಳಲ್ಲ ನೀನು," ಎಂದು ನಕ್ಕೆ.

ಒಳಗೆ ಪೊರಕೆ ಬಿದ್ದ ಸದ್ದಾಯಿತು. ಬಗ್ಗಿ ನೋಡಿದರೆ ನಿಂಗಯ್ಯ ಗೋಡೆಗೆ ಒರಗಿ ಕೂತಿದ್ದ. ತಲೆ ಎದೆಯ ಮೇಲೆ ಬಿದ್ದಿತ್ತು. ಹೆಸರು ಕೂಗುತ್ತಲೇ ಏಣಿ ಇಳಿಯತೊಡಗಿದೆ. ಕತ್ತು ಒಳಗಾಗುವ ಹೊತ್ತಿಗೆ ನನಗೂ ತಲೆ ಗಿರ್ರೆಂದಿತು. ಯಾರೋ ನನ್ನ ಕಾಲರ್ ಹಿಡಿದು ಮೇಲಕ್ಕೆ ಎಳೆದರು. ಕಾಲೇಜಿನ ಮಾಲಿ ಜವರಾಯಿ, ಹಿಂದೆ ಬಾವಿ ತೋಡುತ್ತಿದ್ದವನು.

"ಇಳುದ್ರೆ ನೀವೂ ಅಲ್ಲೇ ಕುಂತ್ಕತೀರ ಸಾ! ಕೆಟ್ಟ ಗಾಳಿ ಕಣ!"

ಅವನು ಲಾಟೀನು ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟ. ತಳ ಮುಟ್ಟುವ ಮೊದಲೇ ದೀಪ ಆರಿತು. ಕೊಳೆಯುವ ಎಲೆ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಗಾಳಿಗಿಂತ ಭಾರವಾದ ಅದು ತಳದಲ್ಲಿ ನಿಲ್ಲುತ್ತದೆ. ಇದನ್ನು ಹಿಂದಿನ ವಾರವಷ್ಟೇ ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆದಿದ್ದೆ.

ಜವರಾಯಿ ಹೊಂಗೆಯ ಕೊಂಬೆ ಮುರಿದು ಹಗ್ಗಕ್ಕೆ ಕಟ್ಟಿ, ತೊಟ್ಟಿಯೊಳಗೆ ಮೇಲೆ ಕೆಳಗೆ ಆಡಿಸತೊಡಗಿದ. ಕೆಟ್ಟ ಗಾಳಿಯನ್ನು ಕಡೆದು ಹೊರಹಾಕುವ ಬಾವಿಯವರ ಉಪಾಯ ಅದು. ಕಡಲ ನೀರಿಗೆ ಗಾಳಿ ಊದಲು ಬಳಸುತ್ತಿದ್ದ ಕಾಲುತಿದಿಯನ್ನು ನಾನು ಲ್ಯಾಬಿನಿಂದ ಓಡಿ ತಂದೆ. ಅದರ ರಬ್ಬರ್ ಕೊಳವೆಯನ್ನು ನಿಂಗಯ್ಯನ ಮುಖದ ಹತ್ತಿರಕ್ಕೆ ಇಳಿಬಿಟ್ಟು ತುಳಿಯತೊಡಗಿದೆ. ಅವನು ನನ್ನಿಂದ ಎಂಟೇ ಅಡಿ ದೂರದಲ್ಲಿದ್ದ. ಬೋಳಾಗುತ್ತಿದ್ದ ನೆತ್ತಿ ಕಾಣುತ್ತಿತ್ತು. ಇಳಿಯುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ತುಳಿಯುವುದೊಂದೇ.

"ಈಗ ದೀಪ ಬಿಟ್ಟು ನೋಡಾನಾ?" ಎಂದೆ.

"ತಡೀರಿ ಸಾ."

"ಜವರಾಯಿ, ಸತ್ತೋಗ್ತಾನೆ ಕಣಯ್ಯ!"

"ತುಳೀರಿ ಸಾ, ಮಾತಾಡ್ಬ್ಯಾಡಿ."

ಮತ್ತೆ ಲಾಟೀನು ಇಳಿಯಿತು. ಜ್ವಾಲೆ ಕುಗ್ಗಿತು, ನಡುಗಿತು, ಆರಲಿಲ್ಲ. ಜವರಾಯಿ ಸೊಂಟಕ್ಕೆ ಹಗ್ಗ ಬಿಗಿದು, ತುದಿಯನ್ನು ಓಡಿಬಂದ ಇಬ್ಬರು ವಿದ್ಯಾರ್ಥಿಗಳ ಕೈಗೆ ಕೊಟ್ಟು ಇಳಿದ. ಇನ್ನೊಂದು ಹಗ್ಗವನ್ನು ನಿಂಗಯ್ಯನ ಕಂಕುಳಿಗೆ ಸುತ್ತಿದ. ಮೇಲಕ್ಕೆಳೆದಾಗ ನಿಂಗಯ್ಯನ ತುಟಿ ನೀಲಿಗಟ್ಟಿತ್ತು, ಉಸಿರು ಇದೆಯೋ ಇಲ್ಲವೋ ಎನ್ನುವಷ್ಟಿತ್ತು. ಆಸ್ಪತ್ರೆಯ ದಾರಿಯಲ್ಲಿ ಜಟಕಾದೊಳಗೇ ಅವನು ಕೆಮ್ಮಿದ. ಅಷ್ಟು ಒಳ್ಳೆಯ ಸದ್ದನ್ನು ನಾನು ಮತ್ತೆ ಕೇಳಿಲ್ಲ.

ಈಗಲೂ ಕುರ್ಚಿಯಲ್ಲಿ ಸುಮ್ಮನೆ ಕೂತಾಗ ನನ್ನ ಬಲಗಾಲು ತಾನಾಗಿ ನೆಲ ತುಳಿಯುತ್ತದೆ. ಜವರಾಯಿ ಆ ಹೊತ್ತಿಗೆ ಪಾತಿಗೆ ನೀರು ಹಾಯಿಸುತ್ತ ಇನ್ನೊಂದು ಮೂಲೆಯಲ್ಲಿದ್ದಿದ್ದರೆ ಎಂಬಲ್ಲಿಗೆ ಯೋಚನೆ ಬಂದು ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ.

ಮೂರನೆಯ ದಿನ ಆಸ್ಪತ್ರೆಯಲ್ಲಿ, "ತಪ್ಪು ನಂದು ನಿಂಗಯ್ಯ," ಎಂದೆ. ಅವನಿಗೆ ನನ್ನ ಮೇಲೆ ಕೋಪವೇ ಇರಲಿಲ್ಲ.

"ನಮ್ಮೂರ್ ಬಾವಿ ಆಗಿದ್ರೆ ನಾನೇ ದೀಪ ಇಳ್ಸಿ ನೋಡ್ತಿದ್ದೆ ಸಾ. ಇದು ಕಾಲೇಜ್ ತೊಟ್ಟಿ. ಓದ್ದೋರು ನೀವು ನಿಂತಿದ್ರಲ್ಲ, ಎಲ್ಲಾ ನೋಡಿರ್ತೀರ ಅಂತ ಇಳ್ದೆ."

ಅನಿಮೋನಿಗೆ ಹಾಕುವ ನೀರನ್ನು ಅಷ್ಟು ಬಗೆಯಲ್ಲಿ ಪರೀಕ್ಷಿಸುತ್ತಿದ್ದವನು, ಒಬ್ಬ ಮನುಷ್ಯ ಉಸಿರಾಡಬೇಕಾದ ಗಾಳಿಯನ್ನು ಒಮ್ಮೆಯೂ ನೋಡಿರಲಿಲ್ಲ. ಆಮೇಲೆ ಮೂವತ್ತು ವರ್ಷ ಕೆಲಸ ಮಾಡಿದೆ. ಯಾರಿಗೇ ಕೆಲಸ ಹೇಳುವಾಗಲೂ, "ನಿಮ್ಮೂರಲ್ಲಾದ್ರೆ ಇದನ್ನ ಹೆಂಗೆ ಮಾಡ್ತಿದ್ರಿ?" ಎಂದು ಮೊದಲು ಕೇಳುತ್ತಿದ್ದೆ. ನನ್ನ ಮುಂದೆ ಬಾಯಿ ಬಿಡಲು ಅವರು ಹಿಂಜರಿಯುತ್ತಿದ್ದರು. ಅವರು ಹೇಳುವವರೆಗೂ ಕೆಲಸ ಶುರು ಮಾಡಿಸುತ್ತಿರಲಿಲ್ಲ.