ಘಟ್ಟ ಇಳಿಯದ ಗಾಡಿ

ಮದುವೆಯಾದ ಮರುವರ್ಷ ನನ್ನ ಯಜಮಾನರು ಒಂದು ಹಳೆಯ ಮೋಟಾರ್ ಬೈಕು ಕೊಂಡರು. ಆಗ ನಾವು ಬಸವೇಶ್ವರನಗರದಲ್ಲಿ, ಕುರುಬರಹಳ್ಳಿ ಕಡೆಗಿದ್ದ ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದೆವು. ಎಪ್ಪತ್ತರ ದಶಕದ ನಡುಭಾಗ. ಬಡಾವಣೆ ಆಗಷ್ಟೇ ಏಳುತ್ತಿತ್ತು. ಸೈಟಿನ ಕಲ್ಲುಗಳ ನಡುವೆ ಇನ್ನೂ ಯಾರೋ ರಾಗಿ ಬಿತ್ತುತ್ತಿದ್ದರು. ಇವರಿಗೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ನಮ್ಮಿಬ್ಬರದೂ ದಾವಣಗೆರೆ ಕಡೆ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಾವಿಬ್ಬರೂ ಸಮುದ್ರ ಕಂಡವರಲ್ಲ.

ಬೈಕು ಬಂದ ಕೆಲವೇ ದಿನಗಳಲ್ಲಿ ಇವರಿಗೆ ಆ ಹುಚ್ಚು ಹತ್ತಿತು. ಒಂದು ಭಾನುವಾರ ಊಟವಾದ ಮೇಲೆ ಸೀಮೆಸುಣ್ಣ ಹಿಡಿದು ಕೆಂಪು ಗಾರೆ ನೆಲದ ಮೇಲೆ ರಸ್ತೆ ಬರೆದರು. ತಾಮ್ರದ ಚೊಂಬು ಹಾಸನವಾಯಿತು. ಉಪ್ಪಿನಕಾಯಿ ಜಾಡಿ ಬೇಲೂರು. ಅಲ್ಲಿಂದ ಮೂಡಿಗೆರೆ ದಾಟಿ ಚಾರ್ಮಾಡಿ ಘಟ್ಟ ಇಳಿದು ಮಂಗಳೂರು, ಕಡಲ ಪಕ್ಕದಲ್ಲೇ ಉಡುಪಿ, ಆಗುಂಬೆ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗ, ಕೊನೆಗೆ ನಮ್ಮ ದಾವಣಗೆರೆ. ದಾವಣಗೆರೆಗೆ ಏನೂ ಸಿಗದೆ ತಮ್ಮ ಚಪ್ಪಲಿಯನ್ನೇ ತಂದಿಡಲು ಹೋದಾಗ ನಾನು ಬೈದು ಲಟ್ಟಣಿಗೆ ಇಟ್ಟೆ. ಅಷ್ಟರಲ್ಲಿ ಮಜ್ಜಿಗೆ ಕೊಡಲು ಬಂದ ಮನೆ ಓನರ್ ಅಜ್ಜಿ ಬಾಗಿಲಲ್ಲೇ ನಿಂತು ನೋಡಿದರು. ಕುರುಬರಹಳ್ಳಿಯ ಹಳೆಯ ಒಕ್ಕಲು ಮನೆತನದವರು. ನಮ್ಮನ್ನು ಕಂಡರೆ ಅಕ್ಕರೆ. ಗಂಡ ಹೆಂಡತಿ ಇಬ್ಬರೇ ಇಷ್ಟು ದೂರ ಬೈಕಿನಲ್ಲಿ ಹೋಗುತ್ತೇವೆಂದು ಕೇಳಿ, ಬಸ್ಸುಗಳೆಲ್ಲ ನಿಂತುಹೋಗಿವೆಯಾ ಎಂದು ವಿಚಾರಿಸಿದರು.

ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಹೊರಡುವುದೆಂದಾಯಿತು. ಇವರು ಟೆಂಟಿನ ಬಟ್ಟೆಯಲ್ಲಿ ಎರಡು ಚೀಲ ಹೊಲಿಸಿದರು, ಸೀಟಿನ ಆಚೆಗೊಂದು ಈಚೆಗೊಂದು ನೇತುಹಾಕಲು. ಒಂದು ಕ್ಲಚ್ ವೈರು, ಒಂದು ಸ್ಪಾರ್ಕ್ ಪ್ಲಗ್ಗು ತಂದು ದೇವರ ಮನೆಯ ಕಪಾಟಿನ ಕೆಳಗೆ ಇಟ್ಟುಕೊಂಡರು. ಅಷ್ಟು ದೂರ ಒಂದೇ ಕಡೆ ಕಾಲು ಇಳಿಬಿಟ್ಟು ಕೂರಲಾಗದೆಂದು ನನಗೊಂದು ಪ್ಯಾಂಟು ಹೊಲಿಸಿದರು. ದರ್ಜಿಗೆ ಸತ್ಯ ಹೇಳಲು ನಾಚಿಕೆಯಾಗಿ ಊರಲ್ಲಿರುವ ತಮ್ಮನಿಗೆ ಎಂದಿದ್ದರಂತೆ. ಬಾಗಿಲು ಹಾಕಿಕೊಂಡು ಅದನ್ನು ಹಾಕಿ ನೋಡಿದೆ. ಸೊಂಟಕ್ಕೆ ಸಡಿಲ, ಕಾಲಿಗೆ ಉದ್ದ. ಇಬ್ಬರೂ ನಕ್ಕ ನಗುವಿಗೆ ಓನರ್ ಅಜ್ಜಿ ಗೋಡೆ ಬಡಿದು ಏನಾಯಿತೆಂದು ಕೇಳಿದರು.

ದಾರಿಯಲ್ಲಿ ಇವರಿಗೆ ಆಯಾಸವಾದರೆ ನಾನು ಓಡಿಸಬೇಕು ಎನ್ನುವುದೂ ಇವರದೇ ಯೋಚನೆ. ಅತ್ತಿಗುಪ್ಪೆಯ ಆಚೆ ಆಗ ಹೊಸದಾಗಿ ಹಾಕಿದ ಮಣ್ಣಿನ ರಸ್ತೆಗಳಿದ್ದವು; ಮನೆಗಳಿರಲಿಲ್ಲ. ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋಗಿ ಕಲಿಸಿದರು. ಸೆರಗು ಸಿಕ್ಕಿಸಿ, ನೆರಿಗೆ ಎತ್ತಿ ಕಟ್ಟಿಕೊಂಡು ಕೂರುತ್ತಿದ್ದೆ. ಕಿಕ್ ಹೊಡೆಯಲು ನನಗೆ ಶಕ್ತಿ ಸಾಲದು, ಅದನ್ನು ಇವರೇ ಮಾಡಿ ಹಿಂದೆ ಕೂರುತ್ತಿದ್ದರು. ಮೊದಲು ಎರಡು ಸಲ ಮೋರಿಗೆ ಇಳಿಸಿದೆ. ಆಮೇಲೆ ಕೈ ಕೂತಿತು. ನನ್ನ ತೌರಿನಲ್ಲಿ ಸೈಕಲ್ ಮುಟ್ಟಲೂ ಬಿಟ್ಟಿರಲಿಲ್ಲ. ಗೇರು ಬದಲಾಯಿಸಿದಾಗ ಗಾಡಿ ನನ್ನ ಮಾತು ಕೇಳಿ ಮುಂದಕ್ಕೆ ನುಗ್ಗುತ್ತಿದ್ದುದನ್ನು ಈಗಲೂ ಅಂಗೈಯಲ್ಲಿ ನೆನೆಯಬಲ್ಲೆ.

ದೀಪಾವಳಿಗೆ ಮುಂಚೆ ಒಂದು ಭಾನುವಾರ, ಚೀಲಗಳನ್ನು ತುಂಬಿಕೊಂಡು ಪರೀಕ್ಷೆಗೆಂದು ಕೆಂಗೇರಿ ದಾಟಿ ದೊಡ್ಡ ಆಲದ ಮರದವರೆಗೂ ಹೋದೆವು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದು, ಬಿಳಲುಗಳ ನಡುವೆ ಅಲೆದಾಡಿ ಹೊರಟಾಗ ಹೊತ್ತು ಇಳಿದಿತ್ತು. ಕೆಂಗೇರಿ ಹತ್ತಿರ ಬರುವಾಗ ಮುಂದೆ ಹುಲ್ಲು ಹೇರಿದ ಒಂದು ಎತ್ತಿನ ಗಾಡಿ ನಾವು ಹೋಗುವ ದಿಕ್ಕಿನಲ್ಲೇ ನಿಧಾನವಾಗಿ ಹೋಗುತ್ತಿತ್ತು. ಇನ್ನೂ ಬೆಳಕಿತ್ತು, ಹುಲ್ಲಿನ ಎಳೆಗಳೂ ನನಗೆ ಕಾಣುತ್ತಿದ್ದವು. ಇವರು ಮಾತ್ರ ವೇಗ ತಗ್ಗಿಸಲಿಲ್ಲ. ಕೂಗಿಕೊಂಡೆ. ಬ್ರೇಕು ಹಾಕಿದ ರಭಸಕ್ಕೆ ಬೈಕು ಜಾರಿ ರಸ್ತೆ ಪಕ್ಕದ ಹಳ್ಳಕ್ಕೆ ಬಿದ್ದೆವು. ತರಚು ಗಾಯ ಅಷ್ಟೇ.

“ಅಷ್ಟು ದೊಡ್ಡ ಗಾಡಿ ಕಾಣ್ಲಿಲ್ವಾ ನಿಮಗೆ?” ಎಂದೆ.

ಇವರು ಮಣ್ಣು ಕೊಡವಿಕೊಳ್ಳಲೂ ಇಲ್ಲ. “ಈಗ್ಲೂ ಕಾಣ್ತಿಲ್ಲ ಕಣೇ. ಎಲ್ಲಿದೆ?” ಎಂದರು.

ಎತ್ತಿನ ಗಾಡಿ ಇನ್ನೂ ಮಾರು ದೂರದಲ್ಲೇ ಇತ್ತು. ಅಲ್ಲೇ ನಿಂತು ನನಗೆ ಒಂದೊಂದೇ ನೆನಪಾದವು: ಮುಸ್ಸಂಜೆ ಜಗಲಿಯಲ್ಲಿಟ್ಟ ನೀರಿನ ಬಿಂದಿಗೆಯನ್ನು ಇವರು ಎಡವುತ್ತಿದ್ದುದು, ಸಿನಿಮಾ ಥಿಯೇಟರಿನಲ್ಲಿ ದೀಪ ಆರಿದ ಮೇಲೆ ನನ್ನ ಭುಜ ಹಿಡಿದು ಸೀಟಿಗೆ ಬರುತ್ತಿದ್ದುದು. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇದ್ದಿರಬೇಕು.

ಅಂದು ಇವರು ಬೈಕಿಗೆ ಕಿಕ್ ಹೊಡೆದು ಹ್ಯಾಂಡಲ್ ನನ್ನ ಕೈಗೆ ಕೊಟ್ಟರು. ಕೆಂಗೇರಿಯಿಂದ ಮನೆಯವರೆಗೆ, ಬಸ್ಸು ಲಾರಿಗಳ ನಡುವೆ, ಮೊದಲ ಸಲ ದೊಡ್ಡ ರಸ್ತೆಯಲ್ಲಿ ನಾನು ಓಡಿಸಿದೆ. ಸೀರೆಯುಟ್ಟ ಹೆಂಗಸು ಮುಂದೆ, ಗಂಡಸು ಹಿಂದೆ. ಜನ ನಿಂತು ನೋಡಿದರು. ನನ್ನ ಕಣ್ಣು ರಸ್ತೆಯ ಮೇಲೆಯೇ ಇತ್ತು.

ಕಣ್ಣಿನ ಡಾಕ್ಟರು ಹನಿ ಹಾಕಿ, ಟಾರ್ಚು ಬಿಟ್ಟು, ಬಹಳ ಹೊತ್ತು ನೋಡಿದರು. ಹುಟ್ಟಿನಿಂದಲೇ ಬಂದ ಕಾಯಿಲೆ, ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಅಕ್ಕಪಕ್ಕದ ನೋಟ ಹೋಗಿ ಎದುರಿನದು ಮಾತ್ರ ಕೊಳವೆಯಲ್ಲಿ ನೋಡಿದ ಹಾಗೆ ಉಳಿಯುತ್ತದೆ, ಅದೂ ನಿಧಾನವಾಗಿ ಕಿರಿದಾಗುತ್ತದೆ, ಔಷಧಿ ಇಲ್ಲ ಎಂದರು. ಬೈಕು ಓಡಿಸುವುದನ್ನು ಅಂದೇ ಬಿಡಲು ಹೇಳಿದರು. ಹಾಗಾದರೆ ದಾರಿಯುದ್ದಕ್ಕೂ ನಾನೇ ಓಡಿಸುತ್ತೇನೆ ಎಂದೆ, ಇವರು ಹೂಂ ಎಂದರು.

ಸುದ್ದಿ ತಿಳಿದು ಊರಿನಿಂದ ಮಾವ ಬಂದರು. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಾತು ಕಡಿಮೆ. ಹೊರಡುವ ಯೋಚನೆಯನ್ನು ಅವರೇ ನಿಲ್ಲಿಸುತ್ತಾರೆ ಎಂದು ನಾನು ಹೆದರಿದ್ದೆ. ಬೆಳಿಗ್ಗೆ ಪೂಜೆ ಮುಗಿಸಿ ಹಣೆಯ ವಿಭೂತಿ ಒಣಗುವ ಮುನ್ನ ನನ್ನನ್ನು ಕರೆದು, ನೀನೇ ಓಡಿಸುತ್ತೀಯಂತೆ, ಘಟ್ಟದಲ್ಲಿ ಆಗುತ್ತದಾ ಎಂದು ಕೇಳಿದರು. ಕಷ್ಟ, ಆದರೆ ನಿಧಾನವಾಗಿ ಹೋದರೆ ಆಗುತ್ತದೆ, ಬೆಳಕಿರುವಾಗ ಮಾತ್ರ ಹೋಗುತ್ತೇವೆ ಎಂದೆ. ಅವರು, “ಹಂಗಾರೆ ಹೋಗಿ ಬರ್ರಿ ತಾಯಿ. ಕಣ್ಣು ಇರೋವಾಗ್ಲೇ ನೋಡ್ಲಿ ಅವನು” ಎಂದರು.

ಯಾರು ತಡೆಯುತ್ತಾರೆಂದುಕೊಂಡಿದ್ದೆನೋ ಅವರೇ ಒಪ್ಪಿದರು. ಆ ವಾರವೆಲ್ಲ ನಾನು ಇನ್ನಷ್ಟು ಅಭ್ಯಾಸ ಮಾಡಿದೆ. ಅವಲಕ್ಕಿ, ಶೇಂಗಾ ಹೋಳಿಗೆ ಕಟ್ಟಲು ಡಬ್ಬಿ ತೊಳೆದಿಟ್ಟೆ. ದೀಪಾವಳಿ ಹತ್ತಿರ ಬಂದ ಒಂದು ಸಂಜೆ ಇವರು ನಡೆದುಕೊಂಡು ಮನೆಗೆ ಬಂದರು. ಆಗ ದಿನವೂ ಇವರನ್ನು ತಮ್ಮ ಗಾಡಿಯಲ್ಲಿ ಕೆಲಸಕ್ಕೆ ಕರೆದೊಯ್ದು ಮನೆಗೆ ಬಿಡುತ್ತಿದ್ದವರು ಪಕ್ಕದ ಬೀದಿಯ ಸಹೋದ್ಯೋಗಿಯೊಬ್ಬರು. ಅಂದು ಬೆಳಿಗ್ಗೆ ನಮ್ಮ ಬೈಕನ್ನು ಸರ್ವೀಸಿಗೆಂದು ಓಡಿಸಿಕೊಂಡು ಹೋದವರೂ ಅವರೇ. ಸರ್ವೀಸು ಮುಗಿಯಲಿಲ್ಲವೇ ಎಂದೆ. ಕಾಲು ತೊಳೆದು ಒಳಗೆ ಬಂದು, ಗಾಡಿ ಮಾರಿಬಿಟ್ಟೆ ಎಂದರು. ಯಾಕೆ ಎಂದು ಕೇಳಿದ್ದಕ್ಕೆ, ನಿನ್ನ ಪ್ರಾಣಕ್ಕೆ ಅಪಾಯ ಬೇಡ ಎಂದಷ್ಟೇ ಹೇಳಿ ದೀಪದ ಕೆಳಗೆ ಪೇಪರು ಹಿಡಿದು ಕೂತರು. ಬಸ್ಸಿನಲ್ಲಾದರೂ ಹೋಗೋಣ ಎಂದೆ. ಪೇಪರಿನ ಪುಟ ತಿರುಗಿಸಿದರು. ಮುಂದೆ ಎಷ್ಟು ಸಲ ಕೇಳಿದರೂ ಮಾತು ಬದಲಿಸಿದರು. ಮಕ್ಕಳಾದವು, ಕಣ್ಣು ಇನ್ನಷ್ಟು ಕೆಟ್ಟಾಗ ಕಾರ್ಖಾನೆಯವರು ಇವರನ್ನು ಸ್ಟೋರ್ಸಿನ ಕೆಲಸಕ್ಕೆ ಹಾಕಿದರು, ಅತ್ತೆ ಮಾವ ತೀರಿಕೊಂಡರು. ನಾನೂ ಕೇಳುವುದನ್ನು ಬಿಟ್ಟೆ.

ಕೊನೆಗೂ ನಾವು ಹೋದದ್ದು ಇವರು ಕೆಲಸ ಬಿಟ್ಟ ಮೇಲೆ, ಮಗಳ ಒತ್ತಾಯಕ್ಕೆ, ಬಸ್ಸಿನಲ್ಲಿ. ಇವರೇ ಕಿಟಕಿ ಪಕ್ಕ ಕೂರಬೇಕೆಂದರು. ಚಾರ್ಮಾಡಿ ಇಳಿಯುವಾಗ ಏನು ಕಾಣುತ್ತದೆ ಎಂದು ಕೇಳುತ್ತಲೇ ಇದ್ದರು. ಕಾಡು ಎಂದೆ, ಕಣಿವೆ ಎಂದೆ, ಬಂಡೆಯ ಮೇಲೆ ನೀರು ಎಂದೆ. ಆ ಮರಗಳ ಹೆಸರು ನನಗೆ ಗೊತ್ತಿಲ್ಲ. ನನ್ನ ಮಾತುಗಳು ಬೇಗ ಖಾಲಿಯಾದವು.

ಮಲ್ಪೆಯ ಮರಳಿನಲ್ಲಿ ಇವರನ್ನು ಕೈ ಹಿಡಿದು ನಡೆಸಿದೆ. ಇವರಿಗೆ ಕಾಣುತ್ತಿದ್ದುದು ಕಾಸಿನಗಲದ ಬೆಳಕು. ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತ ಸಮುದ್ರವನ್ನು ತುಂಡು ತುಂಡಾಗಿ ನೋಡಿದರು. ಆಮೇಲೆ ಕೂತು, ಗಾಡಿ ಮಾರಿದ ದಿನ ಕಾರ್ಖಾನೆಯಲ್ಲಿ ನಡೆದದ್ದನ್ನು ಹೇಳಿದರು. ಊಟದ ಹೊತ್ತಿನಲ್ಲಿ ಒಬ್ಬ ಎಲ್ಲರ ಮುಂದೆ, “ಏನ್ ಗುರು, ಹೆಂಡ್ತಿ ಗಾಡಿ ಓಡಿಸ್ತಾರಂತೆ, ನೀನು ಹಿಂದೆ ಸೆರಗು ಹಿಡ್ಕೊಂಡು ಕೂರ್ತೀಯಂತೆ” ಅಂದನಂತೆ. ಎಲ್ಲರೂ ನಕ್ಕರಂತೆ. ಅಂದೇ ಸಂಜೆ ಗಾಡಿ ಮಾರಿದರಂತೆ.

“ಅವನ ಮುಖಾನೂ ನೆನಪಿಲ್ಲ ಈಗ” ಎಂದರು. “ಅವತ್ತೇ ಬರ್ಬೇಕಿತ್ತು. ಪೂರ್ತಿ ಕಾಣ್ತಿತ್ತು ಕಣೇ.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ವರ್ಷ ಒಬ್ಬರೇ ಅದನ್ನು ಹೊತ್ತುಕೊಂಡಿದ್ದರಲ್ಲ ಎನ್ನಿಸಿತು. ಚಪ್ಪಲಿ ಬಿಡಿಸಿ ಇವರನ್ನು ನೀರಿಗೆ ಕರೆದುಕೊಂಡು ಹೋದೆ. ಅಲೆ ಎಲ್ಲಿಯವರೆಗೆ ಬಂದಿದೆ ಎಂದು ಇವರಿಗೆ ತಿಳಿಯುತ್ತಿರಲಿಲ್ಲ. ಪಾದಕ್ಕೆ ತಾಕಿದಾಗಲೆಲ್ಲ ಬೆಚ್ಚಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.