ಬೆಲೆ ಕಟ್ಟುವ ಪಾಲಯ್ಯನವರು

ಪರಿಸರ ಅರ್ಥಶಾಸ್ತ್ರದ ಪ್ರೊಫೆಸರ್ ಪಾಲಯ್ಯನವರು ಬೆಲೆ ಕಟ್ಟದೆ ಬಿಟ್ಟ ವಸ್ತು ಚಳ್ಳಕೆರೆ ಸೀಮೆಯಲ್ಲೇ ಇಲ್ಲ. ಬೇವಿನ ಮರದಡಿ ಬಸ್ಸಿಗೆ ಕಾಯುವವರನ್ನೂ ಬಿಡದೆ, "ಈ ನೆರಳು ಉಳೀಬೇಕಂದ್ರೆ ಎಷ್ಟು ಕೊಡ್ತೀರಿ?" ಎಂದು ಕೇಳುತ್ತಾರೆ. ಮೊಳಕಾಲ್ಮೂರಿಗೆ ಸೀರೆ ತರಲು ಹೋದವರು ನೇಕಾರರ ಹಿತ್ತಲಿನ ಬಾವಿನೀರಿಗೂ ಬೆಲೆ ಕಟ್ಟತೊಡಗಿದಾಗ, ಅವರ ಹೆಂಡತಿ, "ನೀವು ಸುಮ್ನಿರೋಕೆ ಎಷ್ಟು ತಗೋತೀರಿ?" ಎಂದಿದ್ದರು. ಅಂಥವರೂ, ದನ ಮೇಯುವ ಕಾವಲಿನ ದಾರಿಯಲ್ಲಿ ದೇವರ ಎತ್ತುಗಳು ಎದುರಾದರೆ ಸ್ಕೂಟರ್ ನಿಲ್ಲಿಸಿ, ಚಪ್ಪಲಿ ಬಿಟ್ಟು, ಸುಡುಬಿಸಿಲಲ್ಲಿ ಕೈಮುಗಿದು ನಿಲ್ಲುತ್ತಾರೆ. ಅವರ ಹಟ್ಟಿಯವರು ದೇವರ ಹೆಸರಲ್ಲಿ ಬಿಟ್ಟ, ಎಂದೂ ಹೂಡದ, ಎಂದೂ ಮಾರದ ಎತ್ತುಗಳವು. ಮೊನ್ನೆ ಅವನ್ನು ಕಾಯುವ ಬಾಲ್ಯದ ಗೆಳೆಯ ಬೋರಯ್ಯ, "ಲೇ ಪಾಲಯ್ಯ, ಇವಕ್ಕೆಷ್ಟು ಬೆಲೆ ಕಟ್ತೀಯಾ?" ಎಂದು ನಕ್ಕ. ಪ್ರೊಫೆಸರ್ ಗಾಬರಿಯಿಂದ ಅವನ ಬಾಯಿಗೆ ಕೈ ಅಡ್ಡ ಹಿಡಿದರು: "ಮೆಲ್ಲಗೆ ಮಾತಾಡಲೇ, ಅವಕ್ಕೆ ಕೇಳಿಸ್ತೈತೆ!"