ಗಾಜು ಕೂರಿಸಿದ ಡಬ್ಬಿ

ಬೀದಿಯವರು ಅವನನ್ನು ನಿಧಾನಣ್ಣ ಎಂದು ಕರೆಯುತ್ತಿದ್ದರು. ಗಡಿಯಾರ ರಿಪೇರಿಗೆ ಕೊಟ್ಟರೆ ವಾರ ಬಿಟ್ಟು ಬಾ ಎನ್ನುವ ಆಸಾಮಿ. ಆದರೆ ಅವನ ಕೈ ದಾಟಿ ಹೋದ ಗಡಿಯಾರ ರಿಪೇರಿಗೆಂದು ಮತ್ತೆ ಬಂದದ್ದಿಲ್ಲ. ಬೈಯುವವರೂ ಅದನ್ನು ಒಪ್ಪುತ್ತಿದ್ದರು. ಅವನಿಗಿದ್ದದ್ದು ಒಂದೇ ಹುಚ್ಚು, ಗಾಜಿನದು. ಒಳಗಿನ ಯಂತ್ರ ಎಷ್ಟೇ ಚೆನ್ನಾಗಿರಲಿ, ಮೇಲೆ ಗಾಜು ಬಿಗಿಯಾಗಿ ಕೂರದಿದ್ದರೆ ಧೂಳು ಹೊಕ್ಕು ಎಲ್ಲ ಹಾಳು ಎನ್ನುವುದು ಮೂವತ್ತು ವರ್ಷ ಅಂಗಡಿಯ ಮೇಜಿನ ಮುಂದೆ ಬಗ್ಗಿ ಕೂತು ಕಲಿತ ಪಾಠ. ಗಾಜಿಲ್ಲದ ಗಡಿಯಾರ ಅವನ ಅಂಗಡಿಯ ಹೊಸ್ತಿಲು ದಾಟಿ ಹೊರಗೆ ಹೋಗುತ್ತಿರಲಿಲ್ಲ.

ಇದ್ದ ಒಬ್ಬಳೇ ಮಗಳಿಗೆ ರಕ್ತದ ಕಾಯಿಲೆ ಬಂತು. ಇಪ್ಪತ್ತೊಂದು ವರ್ಷದ ಹುಡುಗಿ, ಮಾತಿನ ಮಲ್ಲಿ. ಚಿಕಿತ್ಸೆ ಕಾಯಿಲೆಯ ಜೊತೆಗೆ ಮೈಯ ಕಸುವನ್ನೂ ಹೊಡೆದು ಹಾಕಿತು. "ಸಣ್ಣ ಸೋಂಕೂ ಇವಳಿಗೆ ದೊಡ್ಡದೇ. ಕೈಗೆ ಹೋಗೋದೆಲ್ಲ ಶುದ್ಧವಾಗಿರಲಿ," ಎಂದರು ಡಾಕ್ಟರು. ಅಂದಿನಿಂದ ಹೆಂಡತಿ ಸ್ಪಿರಿಟ್ಟಿನ ಬಟ್ಟೆ ಹಿಡಿದು ಕೂತಳು. ಫೋನು, ಕನ್ನಡಕ, ಬೀಗದ ಕೈ, ಬಾಚಣಿಗೆ, ಒಂದನ್ನೂ ಬಿಡಲಿಲ್ಲ. ತಿಂಗಳೊಳಗೆ ಅವಳ ಬೆರಳ ಸಂದಿಗಳು ಬಿರಿದು ರಕ್ತ ಜಿನುಗತೊಡಗಿತು. ಈ ಒರೆಸಾಟಕ್ಕೆ ಬದಲು ಬೇರೆ ದಾರಿ ಇದೆಯೇ ಎಂದು ಅವನು ಹುಡುಕತೊಡಗಿದ.

ಪಕ್ಕದ ಬೀದಿಯಲ್ಲಿ ಕುಡಿಯುವ ನೀರಿನ ಫಿಲ್ಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬನಿದ್ದ. ಫಿಲ್ಟರಿನೊಳಗಿನ ಟ್ಯೂಬಿನ ಬೆಳಕು ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ಹೇಳಿ, ಗೇಣುದ್ದದ ಒಂದನ್ನು ಕೊಟ್ಟ. ನಿಧಾನಣ್ಣ ಊಟದ ಸ್ಟೀಲ್ ಡಬ್ಬಿಯೊಂದನ್ನು ಎತ್ತಿಕೊಂಡು ಹದಿನೈದು ದಿನ ಅದರ ಬೆನ್ನು ಹತ್ತಿದ. ಮುಚ್ಚಳದ ಒಳಬದಿಗೆ ಟ್ಯೂಬು, ತಳದಲ್ಲಿ ಬ್ಯಾಟರಿ. ಕಣ್ಣಿಗೆ ಅಪಾಯವಾಗದಿರಲೆಂದು, ಮುಚ್ಚಳ ತೆಗೆದ ಕೂಡಲೇ ಆರುವ ಸ್ವಿಚ್ಚು. ಐದು ನಿಮಿಷಕ್ಕೆ ಕಿಣಿಕಿಣಿ ಎನ್ನಲು ಹಳೆಯ ಅಲಾರಂ ಗಡಿಯಾರದ ಗಂಟೆ. ಕೈಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೂ ಒಯ್ಯಬಹುದಿತ್ತು. ಕೊನೆಗೆ, ಟ್ಯೂಬಿಗೆ ಧೂಳು ತಾಕಬಾರದೆಂದು, ಅದರ ಮುಂದೆ ದಪ್ಪನೆಯ ಗಾಜೊಂದನ್ನು ಕೊಯ್ದು ಬಿಗಿಯಾಗಿ ಕೂರಿಸಿದ.

"ಅಮ್ಮಾ, ನಿನ್ನ ಫೋನು ಬೆಂದಿದ್ಯಾ ನೋಡು, ಇನ್ನೊಂದು ಸೀಟಿ ಬೇಕಾ," ಎಂದು ಮಗಳು ಗಂಟೆ ಹೊಡೆದಾಗಲೆಲ್ಲ ನಗುತ್ತಿದ್ದಳು.

"ಇನ್ನು ಆ ಬಟ್ಟೆ ಬಿಡು," ಎಂದು ಹೆಂಡತಿಗೆ ಹೇಳಿದ. ಅವಳು ಬಿಟ್ಟಳು. ಗಂಡನ ನಿಧಾನಕ್ಕೆ ದಿನಾ ಗೊಣಗುವವಳಿಗೆ ಅವನ ಕೆಲಸದ ಮೇಲೆ ಮಾತ್ರ ಎಲ್ಲಿಲ್ಲದ ನಂಬಿಕೆ. ಅವಳ ಕೈ ಮಾಗಿತು.

ಡಬ್ಬಿ ಬಂದ ಮೂರನೇ ತಿಂಗಳಲ್ಲಿ ಮಗಳಿಗೆ ಜ್ವರ ಬಂತು. ಆರು ದಿನ ಐಸಿಯುನಲ್ಲಿದ್ದು ಏಳನೇ ದಿನ ತೀರಿಕೊಂಡಳು.

ಸೋಂಕು ಎಲ್ಲಿಂದ ಬಂತೆಂದು ಹೇಳುವುದು ಕಷ್ಟ ಎಂದರು ಡಾಕ್ಟರು. ತಾಯಿಗೆ ಮಾತ್ರ ಅನುಮಾನವೇ ಇರಲಿಲ್ಲ. ಜ್ವರಕ್ಕೆ ಎರಡು ದಿನ ಮೊದಲು ಪೇಟೆಯಿಂದ ಬಂದವಳು, ಮಗಳ ಗೆಳತಿಯ ಕರೆ ಬಂತೆಂದು, ತನ್ನ ಫೋನನ್ನು ಡಬ್ಬಿಗೆ ಹಾಕದೆ ಹಾಗೇ ಮಗಳ ಕೈಗೆ ಕೊಟ್ಟಿದ್ದಳು. "ನಾನೇ ಕೊಂದೆ," ಎಂದು ಬಂದವರಿಗೆಲ್ಲ ಹೇಳಿದಳು. ಬರುವವರು ನಿಂತ ಮೇಲೆ ಗೋಡೆಗೆ ಹೇಳಿದಳು. ಊಟ ಬಿಟ್ಟಳು. ಹೀಗೇ ಬಿಟ್ಟರೆ ಇವಳೂ ಉಳಿಯಲಾರಳು ಎಂದು ಅವನಿಗೆ ದಿಗಿಲಾಯಿತು.

ವಾರ್ಡಿನ ನರ್ಸೊಬ್ಬಳು ತನಗೂ ಅಂಥದೊಂದು ಡಬ್ಬಿ ಬೇಕೆಂದಿದ್ದಳು. ಕೈಗೆ ಏನಾದರೂ ಕೆಲಸವಿರಲಿ ಎಂದು ಅವನು ಡಬ್ಬಿಯನ್ನು ಹಿಡಿದುಕೊಂಡು ಇನ್ನೊಂದು ಟ್ಯೂಬಿಗಾಗಿ ಮೆಕ್ಯಾನಿಕ್ ಬಳಿ ಹೋದ. ಮೆಕ್ಯಾನಿಕ್ ಮುಚ್ಚಳ ತಿರುಗಿಸಿ ನೋಡಿದ. ಅವನ ಮುಖ ಸಪ್ಪಗಾಯಿತು.

"ಅಣ್ಣಾ, ಇದಕ್ಯಾಕೆ ಗಾಜು?"

"ಧೂಳಿಗೆ."

"ಟ್ಯೂಬಿನ ಗಾಜೇ ಬೇರೆ. ಮಾಮೂಲಿ ಗಾಜು ಕ್ರಿಮಿ ಕೊಲ್ಲೋ ಕಿರಣಾನ ಆಚೆ ಬಿಡಲ್ಲಣ್ಣ. ನೀಲಿ ಬೆಳಕು ಕಾಣ್ತದೆ ಅಷ್ಟೇ, ಕ್ರಿಮಿ ಸಾಯಲ್ಲ. ನಂದೂ ತಪ್ಪು, ಕೊಡೋವಾಗ್ಲೇ ಹೇಳ್ಬೇಕಿತ್ತು."

ನಿಧಾನಣ್ಣ ಮುಚ್ಚಳ ವಾಪಸ್ಸು ತೆಗೆದುಕೊಂಡು ಗಾಜಿನ ಅಂಚನ್ನು ಬೆರಳಿನಿಂದ ಸವರಿದ. ಮೂರು ತಿಂಗಳು ಆ ಡಬ್ಬಿಯಿಂದ ಒಂದೇ ಒಂದು ವಸ್ತುವೂ ಶುದ್ಧವಾಗಿ ಹೊರಬಂದಿರಲಿಲ್ಲ. ಮುಚ್ಚಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಮೆಕ್ಯಾನಿಕ್ ಬಾಯಿ ಬಿಡುವವನಲ್ಲ. ಆದರೆ ಆ ದಿನ ಫೋನನ್ನು ಡಬ್ಬಿಗೆ ಹಾಕಿದ್ದರೂ ಅಷ್ಟೇ ಎಂದು ತಿಳಿದರೆ ಹೆಂಡತಿಯ ಎದೆಯ ಮೇಲಿನ ಕಲ್ಲು ಇಳಿಯುತ್ತದಲ್ಲ ಎಂದುಕೊಂಡ. ಆಮೇಲೆ ಅವಳು ತನ್ನ ಮುಖ ನೋಡದಿದ್ದರೂ ಸರಿಯೇ. ಜೀವಮಾನದಲ್ಲಿ ಮೊದಲ ಸಲ ದಾಪುಗಾಲು ಹಾಕಿ ಮನೆಗೆ ಬಂದು ಒಂದೂ ಬಿಡದೆ ಹೇಳಿದ.

ಅವಳು ಪೂರ್ತಿ ಕೇಳಿಸಿಕೊಂಡಳು. "ನೀವು ಮಾಡಿದ ಕೆಲಸ ಯಾವತ್ತು ಕೆಟ್ಟಿದೆ?"

"ಈ ಸಲ ಕೆಟ್ಟಿದೆ ಕಣೇ. ತಪ್ಪು ನಂದು."

"ನನ್ನ ಸಮಾಧಾನಕ್ಕೆ ಹೀಗೆಲ್ಲ ಹೇಳ್ಬೇಡಿ."

ಮರುದಿನ ಬೆಳಿಗ್ಗೆ ಅವನು ಮೆಕ್ಯಾನಿಕ್‌ನನ್ನೇ ಮನೆಗೆ ಕರೆತಂದ. ಅವಳು ಕುರ್ಚಿ ಹಾಕಿದಳು, ನೀರು ಕೊಟ್ಟಳು. ಮೆಕ್ಯಾನಿಕ್ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಮತ್ತೊಮ್ಮೆ ಬಿಡಿಸಿ ಹೇಳಿದ.

"ಇವರು ಹೇಳಿಕೊಟ್ಟು ಕರ್ಕೊಂಡು ಬಂದಿದಾರೆ ಅಂತ ಗೊತ್ತು ತಮ್ಮಾ," ಎಂದಳು ಅವಳು. "ನೀನು ಬೇಜಾರು ಮಾಡ್ಕೋಬೇಡ."

ಆಮೇಲೆ, ಮಗಳು ಹೋದ ಮೇಲೆ ಇದೇ ಮೊದಲ ಸಲ, ಗಂಡನ ಕೈ ಹಿಡಿದುಕೊಂಡಳು. "ನನಗೋಸ್ಕರ ನಿಮ್ಮ ಕೆಲಸಾನೇ ಕೆಟ್ಟದ್ದು ಅಂತೀರಲ್ಲ. ನಿಮ್ಮ ಡಬ್ಬೀಲಿ ಏನೂ ತಪ್ಪಿರ್ಲಿಲ್ಲ ರೀ. ಅವತ್ತು ನಾನು ಹಾಕಿದ್ರೆ ಅವಳು ಇರ್ತಿದ್ಲು."